ಉದ್ಯೋಗಸ್ಥರ ಬೆಳಗು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಶಿವಮೊಗ್ಗ ಹಾಗೂ ಭದ್ರಾವತಿಯ ಉದ್ಯೋಗಸ್ಥರಿಗಾಗಿ ಏರ್ಪಡಿಸಿದ್ದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವ ಸಮಿತಿಯವರು ಈ ಸಂಜೆಯ ಭಾಷಣಕ್ಕೆ ನನ್ನನ್ನು ಕರೆದಾಗ, ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ಮಾತನಾಡಬೇಕಾಗುವುದೆಂದು ಎಣಿಸಿದ್ದೆ. ಆದರೆ ಅವರು ಕೊಟ್ಟ ವಿಷಯವೇ ಬೇರೆ: ಉದ್ಯೋಗಕ್ಕೆ ಹೋಗುವವರು ತಮ್ಮ ದಿನಕ್ಕೆ ಹೇಗೆ ಸಿದ್ಧರಾಗಬೇಕು? ಜೀವಮಾನದಲ್ಲಿ ಒಂದು ದಿನವೂ ಕಚೇರಿಯ ಹಾಜರಿ ಪುಸ್ತಕಕ್ಕೆ ಸಹಿ ಹಾಕದ ಗುರುವೊಬ್ಬನಿಗೆ ಇದು ತಕ್ಕ ವಿಷಯವೇ ಎಂದು ಮೊದಲು ಸಂಕೋಚವಾಯಿತು. ಯೋಚಿಸಿ ನೋಡಿದಾಗ, ಈ ಊರುಗಳ ದುಡಿಯುವ ಜನರ ಬೆಳಗನ್ನು ಅವರ ಬಾಗಿಲಿನಲ್ಲೇ ನಿಂತು ನೋಡುವ ಅವಕಾಶ ನನಗೆ ದೊರೆತಷ್ಟು ಬೇರೆಯವರಿಗೆ ದೊರೆತಿರಲಾರದು ಎನ್ನಿಸಿತು. ಆದುದರಿಂದ ಒಪ್ಪಿಕೊಂಡೆ.

ಗುರುಮಠದಲ್ಲಿ ನಮಗೆ ಗಂಟೆಯೇ ಯಜಮಾನನಾಗಿದ್ದಿತು. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಪಾಠಕ್ಕೆ ಗಂಟೆ, ಊಟಕ್ಕೆ ಗಂಟೆ. ಹರೆಯದ ಹುಡುಗನಾಗಿದ್ದ ನನಗೆ ಆ ಗಂಟೆಯನ್ನು ಕಂಡರೆ ಆಗುತ್ತಿರಲಿಲ್ಲ. ಗುರುದೀಕ್ಷೆಯಾಗಿ ಹೊರಗೆ ಬಂದ ಮೇಲೆ, ಗಂಟೆ ಬಾರಿಸುವವರು ಯಾರೂ ಇಲ್ಲದ ಕೋಣೆಯಲ್ಲಿ ಮಲಗಿದಾಗಲೇ ಅದರ ಬೆಲೆ ಅರಿವಾಯಿತು. ಬೇರೆಯವರು ಬಾರಿಸಿದ ಗಂಟೆಗೆ ಏಳುವುದು ವಿಧೇಯತೆ ಮಾತ್ರ. ಯಾರೂ ಬಾರಿಸದಿದ್ದರೂ ಏಳುವುದು ನಮ್ಮ ಸ್ವಂತ ಗಳಿಕೆ. ಈ ಎರಡರ ನಡುವಣ ಅಂತರವನ್ನು ಕುರಿತೇ ಇಂದು ನಾನು ಮಾತನಾಡಬೇಕೆಂದಿದ್ದೇನೆ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ ಸಹಾಯಕ ಗುರುವಾಗಿ ಭದ್ರಾವತಿಗೆ ಬಂದಾಗ, ಆ ಊರಿನ ಬೆಳಗನ್ನು ಎರಡು ಧ್ವನಿಗಳು ತೆರೆಯುತ್ತಿದ್ದವು. ಒಂದು ದೇವಾಲಯದ ತ್ರಿಕಾಲ ಪ್ರಾರ್ಥನೆಯ ಗಂಟೆ, ಇನ್ನೊಂದು ಕಾರ್ಖಾನೆಯ ಸೈರನ್. ಅವುಗಳ ಜೊತೆಗೆ ಅಡುಗೆಮನೆಯ ಗೂಡಿನಲ್ಲಿ ಕುಳಿತಿದ್ದ ರೇಡಿಯೋ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಬೆಳಗಿನ ಕಾರ್ಯಕ್ರಮಗಳನ್ನು ಕೇಳುತ್ತಾ ಗಡಿಯಾರವಿಲ್ಲದ ಮನೆಯವರೂ ಹೊತ್ತು ತಿಳಿಯುತ್ತಿದ್ದರು. ಚಿಂತನ ಮುಗಿಯುವ ಮೊದಲು ಮಕ್ಕಳ ಸ್ನಾನ, ವಾರ್ತೆಯ ಹೊತ್ತಿಗೆ ತಿಂಡಿ, ಹೀಗೆ.

ಈ ಊರಿನ ಹಳೆಯ ಹೆಸರು ಬೆಂಕಿಪುರವೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಭದ್ರಾ ನದಿಯ ದಡದಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಗಳ ಇದ್ದಿಲನ್ನೂ ನಂಬಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಹಳೆಯ ಹೆಸರಿಗೆ ಅನ್ವರ್ಥವಾಗಿ ಅಲ್ಲಿ ನಿಜವಾದ ಬೆಂಕಿಯೇ ಬಂದು ನೆಲೆಸಿತು. ಊದುಕುಲುಮೆಯ ಸ್ವಭಾವವನ್ನು ಬಲ್ಲವರು ಹೇಳುತ್ತಾರೆ: ಅದನ್ನು ಒಲೆಯಂತೆ ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಒಮ್ಮೆ ಹೊತ್ತಿದ ಮೇಲೆ ಅದು ಹಗಲಿರುಳೂ ಉರಿಯುತ್ತಿರಬೇಕು, ತಣ್ಣಗಾದರೆ ಒಳಗಿನ ಲೋಹ ಗಡ್ಡೆಗಟ್ಟಿ ಕುಲುಮೆಯೇ ಕೆಡುತ್ತದೆ. ಬೆಂಕಿಗೆ ನಿದ್ದೆಯಿಲ್ಲದ ಕಾರಣ ಮನುಷ್ಯರು ಪಾಳಿಯ ಮೇಲೆ ಎಚ್ಚರವಿರಬೇಕಾಯಿತು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಇಡೀ ಊರಿನ ಊಟ, ನಿದ್ದೆ, ಮದುವೆ, ಹಬ್ಬ ಎಲ್ಲವೂ ಆ ಕುಲುಮೆಯ ಸುತ್ತ ಸುತ್ತಿದವು.

ಅಂಥ ಪಾಳಿಯ ಕಾರ್ಮಿಕರೊಬ್ಬರು ನಮ್ಮ ದೇವಾಲಯದ ಹಿಂದಿನ ಬೀದಿಯಲ್ಲಿದ್ದರು. ಓದು ನಾಲ್ಕನೆಯ ತರಗತಿ. ಬೆಳಗಿನ ಪಾಳಿಯಿದ್ದಾಗ ಹಿಂದಿನ ರಾತ್ರಿಯೇ ಅವರ ಸಿದ್ಧತೆ ಮುಗಿದಿರುತ್ತಿತ್ತು. ಸಮವಸ್ತ್ರ ಮೊಳೆಯ ಮೇಲೆ, ಬೂಟು ಬಾಗಿಲ ಬಳಿ, ಗೇಟ್ ಪಾಸು ಅಂಗಿಯ ಜೇಬಿನಲ್ಲಿ, ಸೈಕಲ್ಲಿನ ಗಾಳಿ ಮಲಗುವ ಮೊದಲೇ ಹೆಬ್ಬೆರಳಿನಿಂದ ಒತ್ತಿ ನೋಡಿದ್ದು. ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಹೊರಟರೆ ಪಾಳಿಗೆ ಇಪ್ಪತ್ತು ನಿಮಿಷ ಮುಂಚೆಯೇ ಗೇಟಿನಲ್ಲಿರುತ್ತಿದ್ದರು. ಒಂದು ದಿನ ನಾನು ಕೇಳಿದೆ, "ಅಷ್ಟು ಬೇಗ ಹೋದರೆ ಹೆಚ್ಚು ಸಂಬಳ ಕೊಡುತ್ತಾರೆಯೇ?" ಅವರು ನಕ್ಕು ಹೇಳಿದರು, "ಇಲ್ಲ ಸ್ವಾಮಿ. ರಾತ್ರಿಯೆಲ್ಲಾ ಬೆಂಕಿಯ ಮುಂದೆ ನಿಂತವನು ನಾನು ಬರುವ ದಾರಿ ನೋಡುತ್ತಿರುತ್ತಾನೆ. ಅವನು ಹೇಳುವುದನ್ನು ನಾನು ನಿಂತು ಕೇಳಬೇಕು. ಓಡಿ ಬಂದವನ ಕಿವಿಗೆ ಏನೂ ಬೀಳುವುದಿಲ್ಲ."

ಬೆಳಗಿನ ಸಿದ್ಧತೆಯನ್ನು ಕುರಿತು ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಆಮೇಲೆ ಯಾವ ಪುಸ್ತಕದಲ್ಲಿಯೂ ಓದಲಿಲ್ಲ. ಬೇಗ ಏಳುವುದು, ಸಮಯಕ್ಕೆ ಸರಿಯಾಗಿ ತಲಪುವುದು ಇವೆಲ್ಲ ನಮ್ಮ ಉನ್ನತಿಗಾಗಿ, ಬಡ್ತಿಗಾಗಿ ಎಂದು ನಾವು ತಿಳಿದಿದ್ದೇವೆ. ಆ ಕಾರ್ಮಿಕರ ದೃಷ್ಟಿಯಲ್ಲಿ ಅದು ತನಗೆ ಮೊದಲು ನಿಂತಿದ್ದ ಮನುಷ್ಯನಿಗೆ ಸಲ್ಲಬೇಕಾದ ಋಣ.

ಇದೇ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು 1923ರಲ್ಲಿ ವಹಿಸಿಕೊಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. ಆಗ ಅವರು ದಿವಾನಗಿರಿಯಿಂದ ನಿವೃತ್ತರಾಗಿ, ಅರವತ್ತು ದಾಟಿದ್ದವರು. ನಷ್ಟದಲ್ಲಿದ್ದ ಉದ್ಯಮವನ್ನು ನೆಟ್ಟಗೆ ನಿಲ್ಲಿಸಲು 1929ರವರೆಗೆ ದುಡಿದರು. ಅವರ ಸಮಯಪಾಲನೆ, ನಿರ್ಮಲವಾದ ಉಡುಪು, ಮೊದಲೇ ಬರೆದುಕೊಂಡು ಸಿದ್ಧವಾಗಿ ಬರುವ ಅಭ್ಯಾಸ ನಾಡಿನಲ್ಲೆಲ್ಲ ಪ್ರಸಿದ್ಧ. ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡ ಆ ಹಿರಿಯರ ಬದುಕಿನಿಂದ ಮಕ್ಕಳಿಗೆ ನಾವು ಈ ಪಾಠ ಹೇಳುತ್ತಲೇ ಇದ್ದೇವೆ. ಆದರೆ ಅಧ್ಯಕ್ಷರ ಗಡಿಯಾರ ಎಷ್ಟು ಸರಿಯಾಗಿದ್ದರೂ, ನಾಲ್ಕನೆಯ ತರಗತಿ ಓದಿದ ಆ ಕಾರ್ಮಿಕ ಇಪ್ಪತ್ತು ನಿಮಿಷ ಮುಂಚೆ ಬಾರದಿದ್ದರೆ ಕುಲುಮೆ ನಡೆಯುತ್ತಿರಲಿಲ್ಲ.

ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು. ಹೇಳದೆ ನಿಮಗೆ ಉಪದೇಶ ಮಾಡುವುದು ಸರಿಯಲ್ಲ.

ಭದ್ರಾವತಿಯಲ್ಲಿದ್ದ ಮೊದಲ ವರ್ಷವೇ ಇರಬೇಕು. ರಾತ್ರಿ ತಡವಾಗಿ ಮಲಗಿ, ಬೆಳಿಗ್ಗೆ ಬಲಿಪೂಜೆಗೆ ಹತ್ತು ನಿಮಿಷವಿರುವಾಗ ಎದ್ದೆ. ಮುಖಕ್ಕೆ ನೀರೆರಚಿಕೊಂಡು, ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಾ ಮೆಟ್ಟಿಲಿಳಿಯುವಾಗ ಜಗಲಿಯಲ್ಲಿ ಒಬ್ಬ ತಾಯಿ ನಿಂತಿದ್ದರು. "ಸ್ವಾಮಿ, ಒಂದು ಮಾತು" ಎಂದರು. "ಪೂಜೆ ಮುಗಿಯಲಿ ಅಮ್ಮಾ, ಆಮೇಲೆ ನೋಡೋಣ" ಎಂದು ನಾನು ಅವರ ಮುಖವನ್ನೂ ನೋಡದೆ ಓಡಿದೆ. ಪೂಜೆ ಮುಗಿಸಿ ಬಂದಾಗ ಅವರಿರಲಿಲ್ಲ. ಮಧ್ಯಾಹ್ನ ಯಾರೋ ಬಂದು ತಿಳಿಸಿದರು: ಅವರ ಅತ್ತೆ ಕೊನೆಯ ಉಸಿರಿನಲ್ಲಿದ್ದರು, ಗುರುಗಳನ್ನು ಕರೆತರಲು ಸೊಸೆಯನ್ನು ಕಳುಹಿಸಿದ್ದರು, ಮನೆಯ ಗಂಡಸು ರಾತ್ರಿ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ನಾನು ಆ ಮನೆಯ ಹೊಸ್ತಿಲು ದಾಟುವಾಗ ಹಿರಿಯ ತಾಯಿಗೆ ಬಿಳಿಯ ಬಟ್ಟೆ ಹೊದಿಸಿದ್ದರು. ಸೊಸೆ ನನ್ನನ್ನು ದೂರಲಿಲ್ಲ. "ತಮಗೆ ಅವಸರವಿತ್ತು ಸ್ವಾಮಿ" ಎಂದರು, ಅಷ್ಟೇ. ಆ ಮಾತು ಇಂದಿಗೂ ನನ್ನೊಳಗೆ ಉಳಿದಿದೆ.

ಅಂದು ಅರ್ಧ ಗಂಟೆ ಮೊದಲು ಎದ್ದಿದ್ದರೆ ನಾನು ಹೆಚ್ಚು ಕೆಲಸ ಮಾಡುತ್ತಿದ್ದೆನೇ? ಇಲ್ಲ. ಒಂದು ಕ್ಷಣ ನಿಲ್ಲಬಲ್ಲವನಾಗಿರುತ್ತಿದ್ದೆ. ಸಿದ್ಧತೆಯ ಪ್ರಯೋಜನ ಇದೇ ಎಂದು ನನ್ನ ನಂಬಿಕೆ. ಸಿದ್ಧನಾದವನಿಗೆ ನಿಲ್ಲಲು ಬರುತ್ತದೆ, ಸಿದ್ಧನಾಗದವನಿಗೆ ಓಡಲು ಮಾತ್ರ ಬರುತ್ತದೆ. ಬ್ಯಾಂಕಿನ ಕಿಟಕಿಯ ಮುಂದೆ ನಡುಗುವ ಕೈಯಿಂದ ಪಿಂಚಣಿಯ ಪುಸ್ತಕ ಚಾಚುವ ವೃದ್ಧರಿಗೆ, ಮೆಗ್ಗಾನ್ ಆಸ್ಪತ್ರೆಯಲ್ಲಿ ಹಳ್ಳಿಯಿಂದ ಬಂದು ಚೀಟಿ ಎಲ್ಲಿ ಮಾಡಿಸಬೇಕೆಂದು ತಿಳಿಯದೆ ನಿಂತ ಬಾಣಂತಿಗೆ, ತರಗತಿಯ ಕೊನೆಯ ಬೆಂಚಿನಲ್ಲಿ ತಿಂಡಿ ತಿನ್ನದೆ ಬಂದ ಹುಡುಗನಿಗೆ ನಿಮ್ಮ ಬೆಳಗಿನ ಅರ್ಧ ಗಂಟೆ ಸಲ್ಲುತ್ತದೆ. ಅವರಿಗೆ ಅದು ತಿಳಿಯದೆಯೂ ಇರಬಹುದು.

ಇನ್ನು ಆಚರಣೆಗೆ ಬರೋಣ. ಅನುಭವದಿಂದ ಕಂಡುಕೊಂಡ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಬೆಳಗು ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬಟ್ಟೆ, ಚೀಲ, ಬೀಗದ ಕೈ, ಬಸ್ಸಿನ ಪಾಸು ರಾತ್ರಿಯೇ ಒಂದೆಡೆ ಇರಲಿ. ನಾಳೆ ಮಾಡಲೇಬೇಕಾದ ಎರಡು ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದಿಡಿ. ಬರೆದಿಟ್ಟ ಚಿಂತೆ ನಿದ್ದೆ ಕೆಡಿಸುವುದು ಕಡಿಮೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಐದಕ್ಕೆ ಏಳಬೇಕಾದವರು ಹನ್ನೆರಡರವರೆಗೆ ಮೊಬೈಲ್ ನೋಡುತ್ತಿದ್ದರೆ ಯಾವ ಅಲಾರಂ ಅವರನ್ನು ಕಾಪಾಡೀತು?

ಎರಡನೆಯದು, ಬೆಳಕು. ನಮ್ಮ ದೇಹದ ಜೀವಕೋಶಗಳೊಳಗೆ ಒಂದು ಗಡಿಯಾರವಿದೆಯೆಂಬುದು ಈಗ ಸಿದ್ಧವಾದ ವಿಷಯ. ಸಣ್ಣ ಹಣ್ಣುನೊಣಗಳನ್ನು ಪರೀಕ್ಷಿಸಿ ಆ ಗಡಿಯಾರದ ಕೀಲನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್ ಹಾಗೂ ಮೈಕೇಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಆ ಗಡಿಯಾರವನ್ನು ದಿನದಿನವೂ ಸರಿಪಡಿಸುವ ಮುಖ್ಯ ಕೈ ಹಗಲಿನ ಬೆಳಕು. ಆದುದರಿಂದ ಎದ್ದ ಕೂಡಲೇ ಪರದೆಯ ಬೆಳಕಿಗೆ ಕಣ್ಣು ಕೊಡುವ ಬದಲು ಅಂಗಳಕ್ಕೆ ಬನ್ನಿ. ತುಂಗೆಯ ದಡದವರಾಗಲಿ ಭದ್ರೆಯ ದಡದವರಾಗಲಿ, ಹತ್ತು ನಿಮಿಷ ಹೊರಗೆ ನಡೆದರೆ ಅದಕ್ಕೆ ಹಣ ಕೊಡಬೇಕಾಗಿಲ್ಲ. ರಾತ್ರಿ ಪಾಳಿಯ ದಾದಿಯರಿಗೂ ಕಾರ್ಮಿಕರಿಗೂ ಈ ನಿಯಮ ತಿರುವುಮುರುವು. ಅವರ ಬೆಳಗು ಸಂಜೆಯೇ ಆಗುತ್ತದೆ. ಅವರು ಹಗಲು ಮಲಗಿದಾಗ ಕಿಟಕಿಗೆ ದಪ್ಪ ಪರದೆ ಹಾಕಿ, ಟಿವಿಯ ಸದ್ದು ತಗ್ಗಿಸಿ, ಬಾಗಿಲು ಬಡಿಯುವವರನ್ನು ಹಿತ್ತಲಿನಿಂದ ಮಾತನಾಡಿಸಿ ಕಳುಹಿಸುವುದು ಮನೆಯವರ ಕರ್ತವ್ಯ. ಒಬ್ಬರ ಸಿದ್ಧತೆ ಇಡೀ ಮನೆಯವರ ಸಹಕಾರದಿಂದ ಆಗುವಂಥದು.

ಮೂರನೆಯದು, ಹೊಟ್ಟೆ. ಅವಲಕ್ಕಿಯೋ ಅಕ್ಕಿರೊಟ್ಟಿಯೋ ಗಂಜಿಯೋ, ಕುಳಿತು ತಿಂದು ಹೊರಡಿ. ಬಸ್ಸಿನ ಮೆಟ್ಟಿಲ ಮೇಲೆ ನುಂಗಿದ ತಿಂಡಿ ತಿಂಡಿಯಲ್ಲ.

ನಾಲ್ಕನೆಯದು, ದಿನವನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡುವುದು. ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ಸಾಲೆಸರು 1609ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮಠದವರಿಗಲ್ಲ, ಸಂಸಾರದಲ್ಲಿ ಇರುವವರಿಗಾಗಿ ಬರೆದದ್ದು. ಇಂದು ಯಾರನ್ನು ಭೇಟಿಯಾಗುವೆನು, ಎಲ್ಲಿ ಕೋಪ ಬರಬಹುದು, ಎಲ್ಲಿ ಆಸೆ ಎಳೆಯಬಹುದು ಎಂಬುದನ್ನು ಬೆಳಿಗ್ಗೆಯೇ ಮುಂದಾಗಿ ಕಂಡು ಮನಸ್ಸನ್ನು ಅಣಿಗೊಳಿಸಬೇಕೆಂಬುದು ಅದರಲ್ಲಿ ಅವರು ಕೊಟ್ಟ ಬೆಳಗಿನ ಸಾಧನೆ. ಇದಕ್ಕೆ ಐದು ನಿಮಿಷ ಸಾಕು. ಪ್ರಾರ್ಥನೆ ಮಾಡುವವರು ಅದನ್ನು ಪ್ರಾರ್ಥನೆಯೊಡನೆ ಮಾಡಲಿ, ಇತರರು ಮೌನವಾಗಿ ಕುಳಿತು ಮಾಡಲಿ. ಇಂದಿನ ವೈದ್ಯಲೋಕವೂ ಇದನ್ನೇ ಬೇರೆ ರೀತಿಯಲ್ಲಿ ಕಲಿತಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ತಪಶೀಲು ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮೊದಲು, ಕತ್ತರಿ ಹಾಕುವ ಮೊದಲು, ರೋಗಿಯನ್ನು ಹೊರಗೆ ಕಳುಹಿಸುವ ಮೊದಲು ನಿಂತು ಕೇಳಿಕೊಳ್ಳುವ ಪ್ರಶ್ನೆಗಳವು. ಅಲ್ಲಿರುವವರೆಲ್ಲ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬುದೂ ಆ ಪಟ್ಟಿಯಲ್ಲಿದೆ. ನಿಪುಣರಾದ ಶಸ್ತ್ರವೈದ್ಯರೇ ಹೀಗೆ ನಿಂತು ಕೇಳಿಕೊಳ್ಳುವುದಾದರೆ, ನಮಗೆ ನಾಚಿಕೆಯೇಕೆ?

ಇಲ್ಲಿ ಗಂಡಸರಿಗೆ ಒಂದು ಮಾತು. ಸಮಯಕ್ಕೆ ಸರಿಯಾಗಿ ಹೊರಡುತ್ತೇನೆಂದು ನೀವು ಹೆಮ್ಮೆಪಡುವಾಗ, ನಿಮ್ಮ ಬುತ್ತಿ ಕಟ್ಟಲು ಯಾರು ಎಷ್ಟು ಗಂಟೆಗೆ ಎದ್ದರು ಎಂಬುದನ್ನು ಕೇಳಿಕೊಳ್ಳಿ. ನಾನು ಹೇಳಿದ ಆ ಕಾರ್ಮಿಕರ ಇಪ್ಪತ್ತು ನಿಮಿಷದ ಹಿಂದೆ ಅವರ ಹೆಂಡತಿಯ ಒಂದೂವರೆ ಗಂಟೆಯಿತ್ತು. ಅದನ್ನು ನಾನು ಬಹಳ ವರ್ಷ ಗಮನಿಸಲೇ ಇಲ್ಲ. ಇಂದು ಶಿವಮೊಗ್ಗದಿಂದ ಭದ್ರಾವತಿಗೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗಿನ ಬಸ್ಸು ರೈಲುಗಳಲ್ಲಿ ಶಿಕ್ಷಕಿಯರು, ದಾದಿಯರು, ಗುಮಾಸ್ತೆಯರು ಎಷ್ಟು ಮಂದಿ ಓಡಾಡುತ್ತಾರೆ! ಇಡೀ ಮನೆಯನ್ನು ಸಿದ್ಧಗೊಳಿಸಿ, ಕೊನೆಗೆ ತಮ್ಮ ಸಿದ್ಧತೆಗೆ ಐದು ನಿಮಿಷವೂ ಉಳಿಯದೆ, ಜಡೆಯನ್ನು ಬಸ್ಸಿನಲ್ಲಿ ಹೆಣೆದುಕೊಳ್ಳುವ ಸೋದರಿಯರನ್ನು ನಾನೇ ಕಂಡಿದ್ದೇನೆ. ಒಬ್ಬರ ಶಿಸ್ತು ಇನ್ನೊಬ್ಬರ ನಿದ್ದೆಯನ್ನು ತಿಂದು ಬೆಳೆಯಬಾರದು. ತರಕಾರಿ ಹೆಚ್ಚುವುದು, ಮಕ್ಕಳ ಬೂಟಿನ ಲಾಡಿ ಕಟ್ಟುವುದು, ಹಾಲು ಕಾಯಿಸುವುದು ಯಾವ ಪುರುಷನ ಗೌರವಕ್ಕೂ ಕುಂದಲ್ಲ. ನಮ್ಮ ಜಿಲ್ಲೆಯ ಬಳ್ಳಿಗಾವೆ, ಉಡುತಡಿಗಳ ಮಣ್ಣಿನಲ್ಲಿ ಹುಟ್ಟಿದವರು ಸೇರಿದಂತೆ ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳೆಣಿಸಲಿಲ್ಲ. ಅಡುಗೆಮನೆಯ ಕಾಯಕಕ್ಕೂ ಆ ಗೌರವ ಸಲ್ಲಬೇಕು.

2020ರಿಂದೀಚೆಗೆ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗಳಿಗೆ ದುಡಿಯುವ ತರುಣರು ನಮ್ಮ ಬೀದಿಗಳಲ್ಲಿಯೂ ಇದ್ದಾರೆ. ಹಾಸಿಗೆಗೂ ಕಚೇರಿಗೂ ನಡುವೆ ಹೊಸ್ತಿಲೇ ಇಲ್ಲದಿರುವುದು ಅವರ ಕಷ್ಟ. ಅವರಿಗೆ ನನ್ನ ಸಲಹೆ ಸರಳವಾದುದು. ಸ್ನಾನ ಮಾಡಿ, ಹೊರಗೆ ಹೋಗುವವರಂತೆ ಬಟ್ಟೆ ತೊಟ್ಟು, ಬೀದಿಯ ಕೊನೆಯವರೆಗೆ ನಡೆದು ಹಿಂತಿರುಗಿ ಕೆಲಸಕ್ಕೆ ಕುಳಿತುಕೊಳ್ಳಿ. ಹೊಸ್ತಿಲಿಲ್ಲದ ಕಡೆ ಹೊಸ್ತಿಲನ್ನು ನಾವೇ ಇಟ್ಟುಕೊಳ್ಳಬೇಕು.

ಕೊನೆಯದಾಗಿ, ಸೈರನ್ ನಿಂತ ಊರಿನ ಮಾತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಒಂದಿಷ್ಟು ಉತ್ಪಾದನೆ ಮತ್ತೆ ಆರಂಭವಾಯಿತು. ಕಾರ್ಖಾನೆ ಹುಟ್ಟಿದ ನೂರನೆಯ ವರ್ಷವೇ ಅದು! ಇದರ ನಡುವೆ ಎಷ್ಟು ಮನೆಗಳ ಬೆಳಗು ಕಳೆಗುಂದಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಆ ಮನೆಗಳವರೇ.

ಕಾಗದದ ಕಾರ್ಖಾನೆಯಲ್ಲಿ ದುಡಿದ ಒಬ್ಬರು ಒಂದು ದಿನ ನನ್ನ ಬಳಿ ಕುಳಿತು ಹೇಳಿದರು, "ಸ್ವಾಮಿ, ಸೈರನ್ ನಿಂತಿದೆ, ನನ್ನ ಎಚ್ಚರ ನಿಂತಿಲ್ಲ. ನಾಲ್ಕೂವರೆಗೆ ಏಳುತ್ತೇನೆ, ಕ್ಷೌರ ಮಾಡಿಕೊಳ್ಳುತ್ತೇನೆ, ಬಟ್ಟೆ ಹಾಕಿಕೊಳ್ಳುತ್ತೇನೆ. ಆಮೇಲೆ ಕುರ್ಚಿಯ ಮೇಲೆ ಕೂರುತ್ತೇನೆ. ಹೋಗಲು ಜಾಗವಿಲ್ಲ." ಅವರಿಗೆ ಕೊಡಲು ನನ್ನಲ್ಲಿ ಕೆಲಸವಿರಲಿಲ್ಲ, ಒಳ್ಳೆಯ ಮಾತೂ ಇರಲಿಲ್ಲ. ಇಬ್ಬರೂ ಸುಮ್ಮನೆ ಕಾಫಿ ಕುಡಿದೆವು. ಕೆಲವು ತಿಂಗಳ ಮೇಲೆ ಅವರಿಗೆ ಶಿವಮೊಗ್ಗದಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಸಂಬಳ ಮೊದಲಿನ ಅರ್ಧಕ್ಕೂ ಬಾರದು. ಮೊದಲ ತಿಂಗಳ ಸಂಬಳದೊಡನೆ ಬಂದು, "ಬೇಗ ಏಳುವುದು ಕಾರ್ಖಾನೆಯದ್ದು ಅಂದುಕೊಂಡಿದ್ದೆ ಸ್ವಾಮಿ, ನನ್ನದೇ ಆಗಿತ್ತು" ಎಂದರು.

ಒಳ್ಳೆಯ ದಿನಚರಿಯೊಂದು ಕೆಲಸವನ್ನು ತಂದುಕೊಡುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಕೆಲಸ ಕಳೆದುಕೊಂಡ ಸಾವಿರಾರು ಶಿಸ್ತಿನ ಜನರಿಗೆ ಅವಮಾನ ಮಾಡಿದಂತಾಗುತ್ತದೆ. ಕಾರ್ಖಾನೆ ಮುಚ್ಚಿದ್ದು ಅವರ ತಪ್ಪಿನಿಂದಲ್ಲ. ಆದರೆ ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಮನುಷ್ಯನೊಳಗೆ ಉಳಿಯುವ ವಸ್ತುವೊಂದಿದೆ. ಗುರುಮಠದ ಗಂಟೆಯಿಂದ ನಾನು ತಡವಾಗಿ ಕಲಿತದ್ದನ್ನು ಅವರು ಸೈರನ್ನಿನಿಂದ ಕಲಿತರು.

ಆದುದರಿಂದ ಪ್ರಿಯರೇ, ನಾಳೆಯಿಂದ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಒಂದು ವಾರದಲ್ಲಿ ದಣಿದು ಬಿಟ್ಟುಬಿಡುತ್ತೀರಿ. ಇಂದು ರಾತ್ರಿ ಮಲಗುವ ಮೊದಲು ಚೀಲವೊಂದನ್ನು ಬಾಗಿಲ ಬಳಿ ಇಡಿ. ನಾಳೆ ಹದಿನೈದು ನಿಮಿಷ ಮುಂಚೆ ಏಳಿ. ಆ ಹದಿನೈದು ನಿಮಿಷವನ್ನು ಹೊಸ ಕೆಲಸದಿಂದ ತುಂಬಬೇಡಿ, ಬರಿದಾಗಿಯೇ ಇರಲಿ. ನಿಮ್ಮ ಜಗಲಿಯಲ್ಲಿ ಯಾರಾದರೂ "ಒಂದು ಮಾತು" ಎಂದು ನಿಂತಿದ್ದರೆ ಅದು ಅವರದು.

 ನಾಳೆ ಬೆಳಗಿನ ಪಾಳಿಯವರು ಇಲ್ಲಿದ್ದೀರಿ, ಬೇಗ ಮನೆ ಸೇರಿ. ದೇವರು ನಿಮ್ಮೆಲ್ಲರ ಕೆಲಸವನ್ನೂ ವಿಶ್ರಾಂತಿಯನ್ನೂ ಆಶೀರ್ವದಿಸಲಿ. ನಮಸ್ಕಾರ.